ಹದಿನೇಳು ಶಾಟುಗಳಲ್ಲಿ ಒಬ್ಬನೇ ಮುದುಕ

ಮೂರನೇ ದೃಶ್ಯದಲ್ಲೂ ಅದೇ ಮುದುಕ.

ಅಕ್ಕ ಪರದೆಯ ಮೇಲಿನ ಚಿತ್ರವನ್ನು ತಟಕ್ಕನೆ ನಿಲ್ಲಿಸಿದಳು. ಬಸ್ ನಿಲ್ದಾಣದಲ್ಲಿ ಕೊಂಬಿನ ರಾಕ್ಷಸ ಊಟದ ಡಬ್ಬಿ ಹಿಡಿದು ಕಚೇರಿಯ ಬಸ್ಸಿಗೆ ಕಾಯುತ್ತಿದ್ದಾನೆ. ಹಿಂದೆ, ಚಿತ್ರೀಕರಣ ನೋಡಲು ನೆರೆದ ಜನರ ತುದಿಯಲ್ಲಿ, ಬೂದು ಕೋಟಿನ ಮುದುಕ.

ಅವಳು ಮೊದಲಿನಿಂದ ಹುಡುಕಿದಳು. ಹದಿನೇಳು ಶಾಟುಗಳಲ್ಲಿ ಸಿಕ್ಕಿದ. ಮೊದಲೆರಡು ದಿನ ಅವನಿಲ್ಲ. ಮೂರನೇ ದಿನದಿಂದ ಒಂದು ದಿನವೂ ತಪ್ಪಿಸಿಲ್ಲ.

ಸಿನಿಮಾ ಅವಳ ತಮ್ಮನದು. ಕಥೆ, ನಿರ್ದೇಶನ, ಓಡಾಟ ಎಲ್ಲ ಅವನದೇ. ಸಂಕಲನ ಮಾತ್ರ ಅಕ್ಕನದು, ಅದೂ ಅವಳ ಮಲಗುವ ಕೋಣೆಯ ಮೂಲೆಯಲ್ಲಿ. ರಾಕ್ಷಸರು ಮನುಷ್ಯರ ನಡುವೆ ಬಾಡಿಗೆ ಮನೆ ಹಿಡಿದು, ಕೆಲಸಕ್ಕೆ ಹೋಗಿ ಬಂದು ಬದುಕುತ್ತಿದ್ದಾರೆ; ತಮ್ಮತಮ್ಮ ಗಡಿಬಿಡಿಯಲ್ಲಿ ಯಾರೂ ಅವರತ್ತ ತಿರುಗಿಯೂ ನೋಡುವುದಿಲ್ಲ. ಅದೇ ತಮಾಷೆ. ವೇಷಕ್ಕೆಂದು ತಮ್ಮ ಎಲ್ಲಿಂದಲೋ ಒಬ್ಬ ಬಿದಿರಿನಂಥ ನಟನನ್ನು ಹಿಡಿದು ತಂದಿದ್ದ. ಎಲ್ಲರ ಬಾಯಲ್ಲೂ ಅವನು ಉದ್ದಣ್ಣ. ಅವನನ್ನು ಕಂಡ ದಿನವೇ ಅಕ್ಕ ಹೇಳಿದ್ದಳು: "ಇವನ ಕಣ್ಣು ಒಂದು ಕಡೆ ನಿಲ್ಲಲ್ಲ ಕಣೋ. ಹುಷಾರು."

ತಮ್ಮ ನಕ್ಕುಬಿಟ್ಟಿದ್ದ. ಮೊದಲ ವಾರದಲ್ಲೇ ಕ್ಯಾಮೆರಾದ ಒಳ್ಳೆಯ ಲೆನ್ಸ್ ಮಾಯವಾಯಿತು. ಯಾರ ಕೆಲಸವೆಂದು ಅಕ್ಕ ಎಷ್ಟು ಕೆದಕಿದರೂ ಅವನು ತುಟಿ ಬಿಚ್ಚಲಿಲ್ಲ.

ಈಗ ಅವಳಿಗೆ ಇನ್ನೊಂದು ಕಾಣಿಸಿತು. ಅಂಥ ಪ್ರತಿ ಶಾಟಿನ ಆರಂಭದಲ್ಲಿ, ಕತ್ತರಿಸಿ ಎಸೆಯುವ ತುಣುಕಿನಲ್ಲಿ, ರಾಕ್ಷಸ ಹಿಂದಕ್ಕೆ ತಿರುಗಿ ಜನರತ್ತ ಕೈ ಎತ್ತುತ್ತಿದ್ದ. ಆ ಕಡೆಯಿಂದ ಮುದುಕನೂ ಕೈ ಎತ್ತುತ್ತಿದ್ದ.

ಅಕ್ಕನ ಕಿವಿ ನೆಟ್ಟಗಾಯಿತು. ಒಳಗೊಬ್ಬ, ಹೊರಗೊಬ್ಬ. ಲೆನ್ಸ್ ಆಯಿತು, ಇನ್ನು ಕ್ಯಾಮೆರಾದ ಸರದಿ.

ಕೂಡಲೇ ತಮ್ಮನಿಗೆ ಫೋನ್ ಮಾಡಿದಳು. "ರಾಕ್ಷಸ ಹಿಂದೆ ತಿರುಗಿ ಕೈ ಮಾಡ್ತಾನಲ್ಲ, ಯಾರಿಗೆ?"

"ಅದಾ? ಜನರ ಪಕ್ಕ ನಿಂತಿರ್ತಾನಲ್ಲ, ಲೈಟಿನವನಿಗೆ. ತಡೆದಿರೋ ಜನಾನ ಬಿಡು ಅಂತ ಸನ್ನೆ."

"ಆ ಸನ್ನೆ ನಿರ್ದೇಶಕ ಮಾಡ್ಬೇಕು. ಉದ್ದಣ್ಣನಿಗ್ಯಾಕೆ ಬೇಕು ಆ ಉಸಾಬರಿ?"

"ಅಕ್ಕಾ, ಶಾಟ್ ರೆಡಿ ಇದೆ. ಆಮೇಲೆ ಮಾತಾಡ್ತೀನಿ."

ಆಮೇಲೆ ಅವನು ಮಾತಾಡಲಿಲ್ಲ. ಅವನ ರೀತಿಯೇ ಸರಿಯಿರಲಿಲ್ಲ. ಈಚಿನ ದೃಶ್ಯಗಳಲ್ಲಿ ಅವನು ಕೂಗುವ "ಕಟ್" ಕೊಡದೊಳಗಿಂದ ಬಂದಂತೆ ಕೇಳುತ್ತಿತ್ತು. ಕೇಳಿದರೆ ನೆಗಡಿ ಎಂದಿದ್ದ. ಉಡುಪಿನವಳಿಗೂ ಕೆಲಸದ ಮೇಲೆ ಗಮನವಿದ್ದಂತಿಲ್ಲ. ಮೊದಲ ದಿನ ನೀಟಾಗಿದ್ದ ರಾಕ್ಷಸನ ಪ್ಯಾಂಟು ಈಗ ಪಾದದ ಮೇಲೆ ಮುದ್ದೆಯಾಗಿ ಬೀಳುತ್ತಿತ್ತು. ತಂಡಕ್ಕೆ ತಂಡವೇ ಏನನ್ನೋ ನುಂಗಿಕೊಂಡು ಕೂತಿದೆ ಎಂದು ಅಕ್ಕನಿಗೆ ಖಾತ್ರಿಯಾಯಿತು.

ಚಿತ್ರೀಕರಣದ ಕೊನೆಯ ದಿನ ಅವಳು ಹೇಳದೆ ಕೇಳದೆ ಹೋಗಿ ನಿಂತಳು.

"ನನ್ನ ತಮ್ಮ ಎಲ್ಲಿ?" ಎಂದು ಕ್ಯಾಮೆರಾದವನನ್ನು ಕೇಳಿದಳು.

"ಇಲ್ಲೇ... ಎಲ್ಲೋ ಇರ್ಬೇಕು," ಎಂದ ಅವನು, ತನ್ನ ಬೂಟುಗಳನ್ನು ನೋಡುತ್ತಾ.

ರಸ್ತೆಯ ನಡುವೆ ರಾಕ್ಷಸ ತಿರುಗಿ ಕೈ ಎತ್ತಿದ. ಬೂದು ಕೋಟಿನ ಮುದುಕನೂ ಎತ್ತಿದ. ಶಾಟ್ ಮುಗಿದು ರಾಕ್ಷಸ ಡೇರೆಯೊಳಗೆ ಹೋಗುತ್ತಲೇ ಅಕ್ಕ ಮುದುಕನ ಮೊಣಕೈ ಹಿಡಿದಳು.

"ಯಾರು ನೀವು? ಅವನಿಗೂ ನಿಮಗೂ ಏನು ವ್ಯವಹಾರ?"

ಮುದುಕನ ಮುಖ ಬಿಳಿಚಿಕೊಂಡಿತು. "ಗಲಾಟೆ ಮಾಡ್ಬೇಡಮ್ಮ. ನಾನು ಅವನ ಅಪ್ಪ."

ಅಕ್ಕನ ಹಿಡಿತ ಸಡಿಲಾಯಿತು.

"ಆರು ವರ್ಷ ಆಯ್ತು. ನಾಟಕ ಗೀಟಕ ಅಂತ ಇದ್ದ ಕೆಲಸ ಬಿಟ್ಟ. ಸಿಟ್ಟಲ್ಲಿ, ಇನ್ಮೇಲೆ ನನಗೆ ಮುಖ ತೋರಿಸ್ಬೇಡ ಅಂದ್ಬಿಟ್ಟೆ. ಹಟಮಾರಿ, ನೋಡು. ಮುಖಾನೇ ಕಾಣದ ವೇಷ ಹಾಕಿದಾನೆ." ಮುದುಕ ನಗಲು ಹೋದ. "ಇಲ್ಲಿ ರಾಕ್ಷಸ ಆಗಿದಾನೆ ಅಂತ ಅವನ ಸ್ನೇಹಿತ ಹೇಳಿದ. ಬೈತಾನೋ ಏನೋ ಅಂತ ಹೆದರಿಕೊಂಡೇ ಬಂದೆ. ಬಂದ ದಿನಾನೇ ನನ್ನ ಕಡೆ ತಿರುಗಿ ಕೈ ಎತ್ತಿದ. ಆವತ್ತಿಂದ ದಿನಾ ಎತ್ತುತ್ತಾನೆ. ನನಗಷ್ಟು ಸಾಕಮ್ಮ."

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಷ್ಟು ದಿನ ಈ ಜೀವವನ್ನು ಕಳ್ಳನೆಂದು ಎಣಿಸಿದ್ದಳಲ್ಲ!

"ಎಲ್ಲೂ ಹೋಗ್ಬೇಡಿ," ಎಂದವಳೇ ಡೇರೆಗೆ ನುಗ್ಗಿದಳು.

ರಾಕ್ಷಸ ಸ್ಟೂಲಿನ ಮೇಲೆ ಕೂತಿದ್ದ. ವೇಷದ ತಲೆ ಇನ್ನೂ ಹೆಗಲ ಮೇಲೇ ಇತ್ತು. ಅಕ್ಕ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಸುರಿದಳು: ಬೂದು ಕೋಟು, ಆರು ವರ್ಷ, ಮುಖ ತೋರಿಸಬೇಡ ಎಂದ ಮಾತು, ದಿನಾ ಎತ್ತಿದ ಕೈ.

"ನಿನ್ನ ಮೇಲೆ ನಾನು ಇಲ್ಲದ್ದೆಲ್ಲ ಅನುಮಾನ ಪಟ್ಟೆ, ತಪ್ಪಾಯ್ತು. ಆದ್ರೆ ದಿನಾ ಕೈ ಎತ್ತೋನಿಗೆ ಹತ್ತು ಹೆಜ್ಜೆ ನಡೆಯೋಕೇನು ಕಷ್ಟ? ಹೋಗಿ ಒಂದ್ಸಲ ತಬ್ಬಿಕೋ."

ರಾಕ್ಷಸ ಏನೋ ಹೇಳಲು ಪಂಜ ಎತ್ತಿದ.

"ಮಾತು ಬೇಡ! ಮಾತಿಂದಲೇ ಇಷ್ಟೆಲ್ಲ ಆಗಿದ್ದು. ಸುಮ್ನೆ ಹೋಗಿ ತಬ್ಬಿಕೋ, ಸಾಕು."

ಅವನು ಬಹಳ ಹೊತ್ತು ಅಲುಗಾಡದೆ ಕೂತ. ಆಮೇಲೆ ನಿಧಾನವಾಗಿ ಎದ್ದ.

ರಾಕ್ಷಸ ಮುದುಕನನ್ನು ತಬ್ಬಿಕೊಂಡಾಗ ಜನ ಅದೂ ಸಿನಿಮಾವೆಂದು ಹೋ ಎಂದು ನಕ್ಕರು. ಯಾರೋ ಸಿಳ್ಳೆ ಹಾಕಿದರು. ಮುದುಕ ಸುಳ್ಳು ರೋಮಗಳಲ್ಲಿ ಮುಖ ಹುದುಗಿಸಿ ಏನೇನೋ ಹೇಳಿದ. ರಾಕ್ಷಸ ತನ್ನ ದಪ್ಪ ಪಂಜದಿಂದ ಅವನ ಬೆನ್ನು ಸವರುತ್ತಲೇ ಇದ್ದ. ಕೊನೆಗೆ ಮುದುಕ ಕಣ್ಣೊರೆಸಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಹತ್ತು ವರ್ಷ ಕಿರಿಯನಾದವನಂತೆ ರಸ್ತೆಯ ತಿರುವಿನಲ್ಲಿ ಮರೆಯಾದ. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ರಾಕ್ಷಸ ಡೇರೆಗೆ ಮರಳಿ, ಸ್ಟೂಲಿನ ಮೇಲೆ ಕುಸಿದು, ಎರಡೂ ಕೈಯಿಂದ ತಲೆ ಕಳಚಿದ.

"ಉದ್ದಣ್ಣ ಎರಡನೇ ದಿನ ಸಂಜೇನೇ ಲೆನ್ಸ್ ಎತ್ಕೊಂಡು ಓಡಿಹೋದ, ಅಕ್ಕಾ," ಎಂದ, ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿದ್ದ ಅವಳ ತಮ್ಮ.