ತಂಗಿ ಸೂಜಿ

ಬೆಳಿಗ್ಗೆ ಮುನಿತಾಯಮ್ಮ ರೇಷ್ಮೆ ಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಅಂಗಳದಲ್ಲಿ ಏನೋ ಧೊಪ್ಪೆಂದು ಬಿತ್ತು. ಕತ್ತಿ ಬಿಟ್ಟು ಓಡಿದಳು. ಆರು ವರ್ಷದ ರತ್ನಿ ನೆಲ ಹಿಡಿದು ಕೂತಿದ್ದಳು.

"ಅಮ್ಮಾ, ಮನೆ ತಿರುಗ್ತೈತೆ."

ಕ್ಷಯಕ್ಕೆಂದು ಹಾಕಿಸುತ್ತಿದ್ದ ಸ್ಟ್ರೆಪ್ಟೊಮೈಸಿನ್ ಸೂಜಿಯ ಕೆಲಸವದು. ಹಾಕಿಸಿದರೆ ತಲೆಸುತ್ತು. ನಿಲ್ಲಿಸಿದರೆ ಮಗುವೇ ಉಳಿಯುವುದಿಲ್ಲ. ಮಗಳನ್ನು ಸೊಂಟಕ್ಕೇರಿಸಿಕೊಂಡು ದೇವನಹಳ್ಳಿಯ ಬಸ್ಸು ಹತ್ತಿದಳು.

ಡಾಕ್ಟರು ಔಷಧಿ ಬದಲಿಸಿದರು. "ಇದು ಕನಮೈಸಿನ್. ಅದರ ತಂಗಿ ಇದ್ದಂಗೆ ಕಣಮ್ಮ. ತಲೆ ಅಷ್ಟು ತಿರುಗಿಸಲ್ಲ. ಕಿವಿ ಮೇಲೆ ಮಾತ್ರ ನಿಗಾ ಇರ್ಲಿ."

"ತಂಗೀನೂ ಅಕ್ಕನಂಗೇ ಆಡಿದ್ರೆ, ಸಾಮಿ?"

"ನಮ್ಮ ಕೈಲಿ ಬೇರೆ ಏನೈತೆ ಹೇಳು?"

ಅಂದಿನಿಂದ ದಿನಾ ಸೂಜಿಗೆ ಮೊದಲು ಮಗಳ ಕಿವಿಯನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಿದ್ದಳು. ಕೆಂಪಿಲ್ಲ, ಕೀವಿಲ್ಲ. ಅರಳೆ ತಿರುವಿದರೆ ಬೆಳ್ಳಗೇ ಬರುತ್ತಿತ್ತು. ಕೆಮ್ಮು ತಗ್ಗಿತು. ರತ್ನಿ ಬಾಗಿಲು ಹಿಡಿಯದೆ ಹೊಸಿಲು ದಾಟಿದಳು. ತಂಗಿಯೇ ಒಳ್ಳೆಯವಳು ಎಂದುಕೊಂಡಳು ತಾಯಿ.

ಅಷ್ಟರಲ್ಲಿ ಹುಳು ಕೊನೆಯ ಸಲ ಪೊರೆ ಬಿಡಲು ಕೂತವು. ಇನ್ನು ಗೂಡು ಬಿಡಿಸುವವರೆಗೂ ಮನೆಯಲ್ಲಿ ಯಾರೂ ದನಿಯೆತ್ತುವಂತಿಲ್ಲ. ಸದ್ದಾದರೆ ಹುಳು ನೂಲು ಕಡಿದುಕೊಳ್ಳುತ್ತದೆ ಎಂಬುದು ಅತ್ತೆ ಪಾಪಕ್ಕನ ನಂಬಿಕೆ. ಟ್ರಾನ್ಸಿಸ್ಟರು ಬಟ್ಟೆ ಸುತ್ತಿಕೊಂಡು ಅಟ್ಟ ಸೇರಿತು. ಪಾಪಕ್ಕ ಮೊಮ್ಮಗಳಿಗೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅಷ್ಟೇ ಸಾಕಾಯಿತು. ರತ್ನಿ ತುದಿಗಾಲಲ್ಲಿ ನಡೆದಳು. ನೀರು ಬೇಕಾದರೂ ಸನ್ನೆಯಲ್ಲೇ ಕೇಳಿದಳು.

"ನಿನಗಿಂತ ನಿನ್ನ ಮಗಳೇ ವಾಸಿ ಕಣೇ," ಪಾಪಕ್ಕ ಪಿಸುಗುಟ್ಟಿದಳು. "ನೀನು ತಟ್ಟೆ ಬೀಳಿಸ್ಕೊಂಡು ಕುಣಿದಾಡ್ತೀಯ. ಅದು ಮಿಸುಕಲ್ಲ."

ಮುನಿತಾಯಮ್ಮ ಹೆಮ್ಮೆಯಿಂದ ಮಗಳ ತಲೆ ನೇವರಿಸಿದಳು. ಕಾಯಿಲೆ ಮಗುವನ್ನು ಎಷ್ಟು ಬೇಗ ದೊಡ್ಡವಳನ್ನಾಗಿ ಮಾಡಿಬಿಟ್ಟಿತು ಎಂದು ಸಂಕಟವೂ ಆಯಿತು.

ಗೂಡು ಚೆನ್ನಾಗಿಯೇ ಬಂತು. ಬಿಡಿಸಿ, ಮೂಟೆ ಕಟ್ಟಿ, ಗಾಡಿಗೆ ಹೇರಿದರು. ಹುಳು ಗೂಡು ಕಟ್ಟಿದ್ದ ಬಿದಿರಿನ ಚಂದ್ರಿಕೆಗಳು ಬರಿದಾಗಿ ಗೋಡೆಗೊರಗಿದವು. ಅಟ್ಟದಿಂದಿಳಿದ ಟ್ರಾನ್ಸಿಸ್ಟರು ಕಿರುಚತೊಡಗಿತು. ಪಾಪಕ್ಕ ಇಷ್ಟು ದಿನದ ಬೈಗುಳವನ್ನೆಲ್ಲ ಒಟ್ಟಿಗೆ ಗಾಡಿಯವನ ಮೇಲೆ ಸುರಿದಳು.

"ಇನ್ನು ಕೂಗಾಡು ಮಗಳೇ, ಯಾರೂ ಬೇಡ ಅನ್ನಲ್ಲ," ಎಂದಳು ಮುನಿತಾಯಮ್ಮ.

ರತ್ನಿ ಅಜ್ಜಿಯ ಬಾಯಿ ನೋಡಿದಳು. ಬರಿದಾದ ಚಂದ್ರಿಕೆ ನೋಡಿದಳು. ತಾಯಿಯ ಸೆರಗು ಜಗ್ಗಿದಳು.

"ಅಮ್ಮಾ, ಗೂಡು ಬಿಡ್ಸಾಯ್ತಲ್ಲ, ಇನ್ನೂ ಯಾಕೆ ಯಾರೂ ಮಾತಾಡ್ತಿಲ್ಲ?"