ಹುಟ್ಟಿದ ಊರು

ಟಿಫಿನ್ ಡಬ್ಬಿಗೆ ಚಪಾತಿ ಸುತ್ತುತ್ತಿದ್ದ ಶಾಮಲಾಳ ಕೈ ತಟ್ಟನೆ ನಿಂತಿತು. ಮೇಜಿನ ಮೇಲೆ ಗುವಾಹಾಟಿ, ಶಿಲ್ಲಾಂಗ್, ಚಿರಾಪುಂಜಿ ಪ್ರವಾಸದ ಕಾಗದಗಳನ್ನು ಹರಡಿಕೊಂಡು ಏರ್‌ಪೋರ್ಟ್ ಆಟವಾಡುತ್ತಿದ್ದ ಏಳು ವರ್ಷದ ಮಗಳು ಅಪೇಕ್ಷಾಳ ಕೈಯಲ್ಲಿ ಅವಳದೇ ಹಳೆಯ ಭಾರತೀಯ ಪಾಸ್‌ಪೋರ್ಟ್ ಇತ್ತು. ಅವಳ ಭಾರತದ ವೀಸಾಕ್ಕೆಂದು ತೆಗೆದಿದ್ದ ಗಂಡ ವಿಕ್ರಮ್ ಅದನ್ನು ಅಲ್ಲೇ ಮರೆತು ಆಫೀಸಿಗೆ ಹೋಗಿದ್ದ.

"ಅಮ್ಮಾ, ನನ್ನ ಬೇಬಿ ಫೋಟೋ! ಆದ್ರೆ ಬರ್ತ್‌ಪ್ಲೇಸ್ ಶಿಲ್ಲಾಂಗ್ ಅಂತಿದೆ. ಇಲ್ಲೇ ಕಾರ್ಲ್ಸ್‌ಬಾಡ್‌ನಲ್ಲಿ ಹುಟ್ಟಿದ್ದು ಅಂದಿದ್ಯಲ್ಲ?"

ಶಿಲ್ಲಾಂಗಿನ ಅನಾಥಾಲಯದ ಮುಂದೆಯೇ, ಅವಳ ಕೈ ಹಿಡಿದುಕೊಂಡು ಎಲ್ಲ ಹೇಳಬೇಕೆಂದು ಗಂಡ ಹೆಂಡತಿ ಈ ಪ್ರವಾಸ ಗೊತ್ತುಮಾಡಿದ್ದರು. ಅದಕ್ಕಿನ್ನೂ ಎರಡು ತಿಂಗಳಿತ್ತು. ಮತ್ತೊಂದು ಸುಳ್ಳಿಗೆ ಶಾಮಲಾಳ ನಾಲಿಗೆ ಏಳಲಿಲ್ಲ.

"ನಿನ್ನ ಅಲ್ಲಿಂದಾನೇ ಕರ್ಕೊಂಡ್ ಬಂದ್ವಿ, ಪುಟ್ಟಿ."

ಅಪೇಕ್ಷಾ ಅಮ್ಮನ ಹೊಟ್ಟೆಯನ್ನೇ ದಿಟ್ಟಿಸಿದಳು.

"ಹಾಗಾದ್ರೆ ನಾನು ಯಾರ ಹೊಟ್ಟೇಲಿದ್ದೆ?"