ಎದೆಯಲ್ಲೇ ಉಳಿದ ಚಾಕು

ಡಾಕ್ಟರಮ್ಮನಿಗೆ ಸಾಕಾಗಿಹೋಗಿತ್ತು. ಎದೆಗೆ ಚುಚ್ಚಿಕೊಂಡದ್ದನ್ನು ಕಿತ್ತೆಸೆದು, ಗಾಯಕ್ಕೆ ಕಾಫಿಪುಡಿ ಮೆತ್ತಿ, ಅರ್ಧ ಹೆಣವಾದ ಮೇಲೆ ಹೊತ್ತು ತರುವ ಜನರನ್ನು ಕಂಡರೆ ಆಕೆ ರೇಗುತ್ತಿದ್ದಳು. ಕಿತ್ತರೆ ರಕ್ತ ನಿಲ್ಲುವುದಿಲ್ಲ, ಹಾಗೇ ಕರೆತನ್ನಿ ಎಂದು ಎಷ್ಟು ಬಡಕೊಂಡರೂ ಕೇಳುವವರಿರಲಿಲ್ಲ.

ಕೊನೆಗೂ ಒಬ್ಬ ಕೇಳಿದ್ದ. ಅಡುಗೆಮನೆಯಲ್ಲಿ ಚಾಕು ಹಿಡಿದು ಜಾರಿಬಿದ್ದನೆಂದು ಹೇಳಿ, ಹೆಂಡತಿಯ ತಮ್ಮನನ್ನು ಆಟೋದಲ್ಲಿ ಕರೆತಂದಿದ್ದ. ಚಾಕು ಎದೆಯಲ್ಲೇ ಇತ್ತು. ಕರೆತಂದವನು ಗುಟ್ಕಾ ಜಗಿದು ಆಸ್ಪತ್ರೆಯ ಮೂಲೆಮೂಲೆಗೂ ಉಗುಳುತ್ತಿದ್ದ. ಅಸಹ್ಯವಾದರೂ ಆಕೆ ಹೊಟ್ಟೆಗೆ ಹಾಕಿಕೊಂಡಳು.

ಆಪರೇಷನ್ ಆದ ಮೂರನೆಯ ದಿನ ಇಡೀ ವಾರ್ಡಿಗೆ ಕೇಳುವಂತೆ ಹೊಗಳಿದಳು: "ಇವರನ್ನ ನೋಡಿ ಕಲೀರಿ. ಚಾಕು ಕೀಳದೆ ಹಾಗೇ ತಂದ್ರು, ಅದಕ್ಕೇ ಜೀವ ಉಳೀತು."

"ನಮ್ದೇನಿದೆ ಮೇಡಂ, ಎಲ್ಲಾ ದೇವರು ಮಾಡ್ಸಿದ್ದು," ಎಂದು ಅವನು ಕೆಂಪು ಹಲ್ಲು ಕಿರಿದ.

ಮಂಚದ ಮೇಲಿದ್ದ ಭಾವಮೈದುನ ಮೆಲ್ಲಗೆ ಕಣ್ಣು ತೆರೆದ.

"ಕೀಳದೆ ಬಿಟ್ನಾ ಇವ್ನು? ಇನ್ನೊಂದ್ಸಲ ಚುಚ್ಚೋಕೆ ಅಂತ ಎದೆ ಮೇಲೆ ಕಾಲಿಟ್ಟು ಎಳ್ದ ಮೇಡಂ. ನಮ್ಮಕ್ಕ ಓಡಿ ಬರೋವರ್ಗೂ ಎಳ್ದ. ಪಕ್ಕೆಲುಬಿಗೆ ಸಿಕ್ಕೊಂಡು ಬರ್ಲಿಲ್ಲ, ಅಷ್ಟೇ."